ನಡುಕ ನನ್ನದು

ಈ ಸೋಮವಾರ ಮಾಡಿದ ಕೆಲಸಗಳು. ಬಚ್ಚಲ ಒಲೆಗೆ ಉರಿ ಹಾಕಿದ್ದು. ಬಾಗಿಲಿಗೆ ನೀರು ಹಾಕಿ ಸಾರಿಸಿದ್ದು. ಬೆರಳು ಚುಚ್ಚಿ ಶುಗರ್ ನೋಡಿಕೊಂಡದ್ದು. ಹೊಟ್ಟೆಗೆ ಇನ್ಸುಲಿನ್ ಹಾಕಿಕೊಂಡದ್ದು. ಮಂದೆಯ ಜೊತೆ ಹೋಗದೆ ಮನೆಯಲ್ಲೇ ಉಳಿದ ಕುರಿಮರಿಗಳಿಗೆ ತೊಗರಿ ಹೊಟ್ಟು ಹಾಕಿದ್ದು. ಶಾಲೆಗೆ ಹೋಗಿ ಬಿಸಿಯೂಟಕ್ಕೆ ಸೊಪ್ಪು ಸೋಸಿಕೊಟ್ಟು, ಅರ್ಧ ದಿನದ ರಜೆ ಕೇಳಿ ಬಂದದ್ದು. ದೇವರ ಮೂಲೆಗೆ ಕೆಮ್ಮಣ್ಣು ಬಳಿದದ್ದು. ಎಡೆಗೆ ಅಕ್ಕಿ ಆರಿಸಿ, ಬೆಲ್ಲ ಕುಟ್ಟಿಟ್ಟದ್ದು. ಹೊತ್ತಿಗೆ ಸರಿಯಾಗಿ ಕೂತು ರೊಟ್ಟಿ ತಿಂದದ್ದು.

ರೊಟ್ಟಿ ತಿನ್ನುವುದೂ ಒಂದು ಕೆಲಸವೇ ಎಂದು ಕೇಳಬಹುದು. ಇವತ್ತು ಮಾಡಿದ್ದರಲ್ಲಿ ಅದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಹಿರಿಯೂರು ತಾಲ್ಲೂಕಿನ ಒಂದು ಕುರಿಗಾರರ ಹಟ್ಟಿ. ನಾನು ಹುಟ್ಟಿದ್ದು ಹೊಸದುರ್ಗದ ಕಡೆ. ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ಒಂದು ಕಟ್ಟಳೆಯಿದೆ. ಶ್ರಾವಣದ ಸೋಮವಾರಗಳಂದು ಮನೆದೇವತೆಗೆ ಎಡೆ ಇಡುತ್ತಾರೆ. ಎಡೆ ಇಡುವವರೆಗೆ ಮನೆಯ ಸೊಸೆಯಂದಿರು ಬಾಯಿಗೆ ಏನೂ ಹಾಕುವಂತಿಲ್ಲ. ಎಡೆ ಇಡಬೇಕಾದವರು ನನ್ನ ಗಂಡನ ಅಣ್ಣ, ಪೂಜೆಯ ಹಕ್ಕು ಅವರದು. ಅವರು ಕುರಿ ದೊಡ್ಡಿಯಿಂದ ಬಂದು, ತೋಟದ ಬಾವಿಯಲ್ಲಿ ಮಿಂದು, ಮಡಿನೀರು ಹೊತ್ತು ತರುವುದು ಒಂದೊಂದು ಸಲ ಮಧ್ಯಾಹ್ನವಾಗುತ್ತದೆ, ಒಂದೊಂದು ಸಲ ದೀಪ ಹಚ್ಚುವ ಹೊತ್ತಾಗುತ್ತದೆ. ದಾರಿಯಲ್ಲಿ ಎಷ್ಟು ಜನ ಸಿಕ್ಕಿದರು ಎನ್ನುವುದರ ಮೇಲೆ ಹೋಗುತ್ತದೆ ಅದು.

ಮೊದಲು ನಾನೂ ಹಾಗೇ ಇದ್ದೆ. ಮೂವತ್ತು ದಾಟಿದ ಮೇಲೆ ಶುಗರ್ ಬಂತು. ಗುಳಿಗೆಗೆ ಬಗ್ಗಲಿಲ್ಲ. ನಮ್ಮ ಅತ್ತೆಗೆ ಗೊತ್ತಿರುವ ಶುಗರ್ ಅಂದರೆ ಸಿಹಿ ಬಿಡುವುದು, ಮುದ್ದೆ ಉಣ್ಣುವುದು, ಸಂಜೆ ನಡೆಯುವುದು. ನನ್ನದು ಆ ಜಾತಿಯದಲ್ಲ. ನನ್ನ ಮೈಯಲ್ಲಿ ಇನ್ಸುಲಿನ್ ಹುಟ್ಟುವುದೇ ನಿಂತುಹೋಗಿದೆ, ಹೊರಗಿನಿಂದ ಹಾಕಿಕೊಳ್ಳಬೇಕು. ಹಾಕಿಕೊಂಡ ಮೇಲೆ ಉಣ್ಣಲೇಬೇಕು. ಉಣ್ಣದಿದ್ದರೆ ರಕ್ತದ ಸಕ್ಕರೆ ಇಳಿಯುತ್ತಾ ಹೋಗುತ್ತದೆ, ಅದಕ್ಕೆ ಸೋಮವಾರ ಮಂಗಳವಾರ ಗೊತ್ತಿಲ್ಲ. ಸೋಮವಾರಗಳಂದು ಊಟದ ಸೂಜಿಯನ್ನು ಎಡೆಯಾಗುವವರೆಗೆ ತಡೆದಿಟ್ಟು ಹೇಗೋ ಸಂಭಾಳಿಸುತ್ತಿದ್ದೆ.

ಈ ಶ್ರಾವಣದ ಮೊದಲ ಸೋಮವಾರ ಭಾವ ಮಡಿನೀರು ಹೊತ್ತು ಹಟ್ಟಿಯ ಬಾಗಿಲಿಗೆ ಬಂದರು ಎಂದು ಯಾರೋ ಕೂಗಿ ಹೇಳಿದರು. ಇನ್ನೇನು ಎಡೆಯಾಯಿತು ಎಂದುಕೊಂಡು ನಾನು ಸೂಜಿ ಹಾಕಿಕೊಂಡೆ. ಅವರು ಬಂದದ್ದು ನಿಜ. ಆದರೆ ಬಾಗಿಲಲ್ಲಿ ಧರ್ಮಪುರದ ಕಡೆಯ ವ್ಯಾಪಾರಿಗಳು ಸಿಕ್ಕಿದರು. ಟಗರಿನ ಮಾತು ಬಂತು. ಟಗರಿನ ಮಾತು ಬಂದರೆ ಭಾವನಿಗೆ ಹೆಗಲ ಮೇಲಿನ ಕೊಡವೂ ನೆನಪಿರುವುದಿಲ್ಲ.

ನಾನು ದೇವರ ಮುಂದೆ ಆರತಿ ತಟ್ಟೆ ಹಿಡಿದು ನಿಂತಿದ್ದೆ. ಮೊದಲು ಕುತ್ತಿಗೆ ಬೆವರಿತು. ಆಮೇಲೆ ಎದೆ ಹೊಡೆದುಕೊಳ್ಳತೊಡಗಿತು. ತಟ್ಟೆ ನಡುಗಿ ದೀಪ ಆರಿತು. ಅತ್ತೆ ನನ್ನ ಮುಖ ನೋಡಿದರು, ಕೈ ನೋಡಿದರು, ಅಲ್ಲೇ ನೆಲಕ್ಕೆ ಹಣೆ ಹಚ್ಚಿದರು.

"ಅಮ್ಮ ಬಂದವ್ಳೆ. ಬರ್ರಿ ಎಲ್ಲ, ಅಮ್ಮ ಬಂದವ್ಳೆ ಮನೆಗೆ."

ನನಗೆ ಎಲ್ಲ ಕೇಳಿಸುತ್ತಿತ್ತು. ಮಾತು ಮಾತ್ರ ನಾಲಿಗೆಗೆ ಅಂಟಿಕೊಂಡಿತ್ತು. "ಹಣ್ಣು ಕೊಡ್ರಿ" ಎಂದೆ. ಅಷ್ಟೇ ಹೇಳಲಾದದ್ದು. ಅಮ್ಮ ಹಣ್ಣು ಕೇಳಿದಳು ಎಂದು ಅವರು ಗಡಿಬಿಡಿಯಲ್ಲಿ ಬಾಳೆಹಣ್ಣಿನ ಗೊನೆಯನ್ನೇ ತಂದು ಗೋಡೆಯ ಪಟದ ಮುಂದೆ ಇಟ್ಟರು. ನಾನು ಅದರ ಕಡೆ ಕೈ ಚಾಚಿದೆ. ಅತ್ತೆ ಆ ಕೈಗೆ ಅರಿಶಿನದ ಭಂಡಾರ ಸುರಿದರು. ಪಕ್ಕದ ಮನೆಯವರು ಅಡ್ಡಬಿದ್ದು, ತಮ್ಮ ಟಗರು ಕಾಣೆಯಾಗಿದೆ, ಸಿಗುತ್ತದೋ ಇಲ್ಲವೋ ಅಪ್ಪಣೆ ಕೊಡು ತಾಯಿ ಎಂದರು. ನಾನು ಹಣ್ಣಿನ ಮೇಲೆ ಕಣ್ಣಿಟ್ಟು ತಲೆ ಆಡಿಸಿದೆ.

ಅಷ್ಟರಲ್ಲಿ ಗಲಾಟೆ ಕೇಳಿ ಭಾವ ಓಡಿಬಂದು ಎಡೆ ಇಟ್ಟರು. ಮಂಗಳಾರತಿಯಾಯಿತು. ಬಾಳೆಹಣ್ಣು ಬೆಲ್ಲ ಕಲಸಿದ ಪ್ರಸಾದವನ್ನು ಅತ್ತೆ ನನ್ನ ಬಾಯಿಗಿಟ್ಟರು. ನಾನು ಹಿಡಿ ಹಿಡಿಯಾಗಿ ನುಂಗಿದೆ. ಸ್ವಲ್ಪ ಹೊತ್ತಿಗೆ ನಡುಕ ಇಳಿಯಿತು.

"ನೋಡಿದ್ರಾ," ಅಂದರು ಅತ್ತೆ, ಕಣ್ಣಲ್ಲಿ ನೀರು. "ಪ್ರಸಾದ ತಗಂಡು ಶಾಂತ ಆದ್ಲು."

ಇದಕ್ಕೆ ಏನು ಹೇಳುತ್ತೀರಿ? ಪ್ರಸಾದದಿಂದ ಶಾಂತವಾದದ್ದು ಸುಳ್ಳಲ್ಲ. ಬೆಲ್ಲ ಬೆಲ್ಲದ ಕೆಲಸ ಮಾಡಿತ್ತು. ಮಾರನೆಯ ದಿನ ಆ ಟಗರು ಜಾಲಿ ಪೊದೆಯಲ್ಲಿ ಕೊಂಬು ಸಿಕ್ಕಿಸಿಕೊಂಡು ನಿಂತದ್ದು ಸಿಕ್ಕಿತು. ಇನ್ನು ನನ್ನ ಮಾತು ಯಾರು ಕೇಳುತ್ತಾರೆ?

ಅತ್ತೆಯ ಸಂತೋಷ ಏನೆಂದು ನನಗೆ ಗೊತ್ತು. ಅವರ ಅತ್ತೆಯ ಮೇಲೆ ಅಮ್ಮ ಬರುತ್ತಿದ್ದಳಂತೆ. ಆ ಮುದುಕಿ ಹೋದ ಮೇಲೆ ಈ ಮನೆಯಲ್ಲಿ ಯಾರ ಮೇಲೂ ಬರಲಿಲ್ಲ. ತಮ್ಮ ಕಾಲಕ್ಕೆ ಅಮ್ಮ ಮನೆ ಬಿಟ್ಟಳು ಎನ್ನುವ ಮಾತನ್ನು ಅವರು ತಮ್ಮಲ್ಲೇ ಇಟ್ಟುಕೊಂಡು ಬದುಕಿದವರು. ಈಗ ಹಟ್ಟಿಯ ಹೆಂಗಸರು ಅವರನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು.

ನಾನು ಬಿಡಿಸಿ ಹೇಳಿದೆ. "ಅತ್ತೆ, ಅದು ಶುಗರ್ ಇಳಿದದ್ದು. ಮಿಷನ್ ತಗಂಡು ನೋಡಿದ್ರೆ ಗೊತ್ತಾಗ್ತಿತ್ತು."

"ನಿಂಗೇನು ಗೊತ್ತೇ ಹುಡುಗಿ? ಬಂದೋರಿಗೆ ಬಂದಿದ್ದು ಗೊತ್ತಾಗಲ್ಲ."

"ನಂಗೆಲ್ಲ ಕೇಳ್ತಿತ್ತು."

"ಕೇಳ್ತಿದ್ದದ್ದು ಅವಳಿಗೆ," ಎಂದರು.

ಎರಡನೆಯ ಸೋಮವಾರ ಪಕ್ಕದ ಹಟ್ಟಿಗಳಿಂದಲೂ ಜನ ಬಂದರು. ನಾನು ಊಟದ ಸೂಜಿ ಹಾಕಿಕೊಳ್ಳಲಿಲ್ಲ. ಆದರೂ ಬೆಳಿಗ್ಗೆ ಹಾಕಿಕೊಂಡ, ದಿನವಿಡೀ ಕೆಲಸ ಮಾಡುವ ಇನ್ಸುಲಿನ್ ಒಳಗೆ ಇತ್ತು, ಹೊಟ್ಟೆ ಖಾಲಿ, ಬೆಳಗಿನಿಂದ ಗೇಯ್ಮೆ. ಸಂಜೆಯ ಹೊತ್ತಿಗೆ ಸಣ್ಣಗೆ ನಡುಕ ಬಂತು. ಅಷ್ಟು ಸಾಕಾಯಿತು ಅವರಿಗೆ. ಆ ವಾರದಲ್ಲೇ ಮತ್ತೆರಡು ಸಲ ಹರಕೆ ಹೊತ್ತವರು ಬಂದರೆಂದು ಊಟದ ಹೊತ್ತಿಗೆ ನನ್ನನ್ನು ತಟ್ಟೆಯಿಂದ ಎಬ್ಬಿಸಿ ದೇವರ ಮುಂದೆ ಕೂರಿಸಿದರು, ಎರಡು ಸಲವೂ ಶುಗರ್ ಇಳಿಯಿತು. ನಡುಕ ಮಾತ್ರ ಸಲದಿಂದ ಸಲಕ್ಕೆ ಕಡಿಮೆಯಾಗುತ್ತಿತ್ತು. ಮೂರನೆಯ ಸೋಮವಾರ ಬರೀ ಬೆರಳ ತುದಿ ನಡುಗಿತು. ಅಮ್ಮನಿಗೆ ಏನೋ ಕೋಪ ಎಂದರು ಭಾವ. ನನಗೂ ಅದು ಯಾಕೆಂದು ಆಗ ಹೊಳೆಯಲಿಲ್ಲ.

ಹೊಳೆದದ್ದು ಶಾಲೆಯ ಅಡುಗೆಮನೆಯಲ್ಲಿ. ಹುಳಿಗೆ ಕುಂಬಳಕಾಯಿ ಹೆಚ್ಚುತ್ತಿದ್ದೆನಂತೆ. ಹೆಚ್ಚುವುದು ಮುಗಿದ ಮೇಲೂ ಬರೀ ಮಣೆಯ ಮೇಲೆ ಚಾಕು ಆಡಿಸುತ್ತಿದ್ದೆನಂತೆ. ಜೊತೆಗೆ ಅಡುಗೆ ಮಾಡುವಾಕೆ ಏನೋ ಕೇಳಿದಾಗ ತೊದಲಿದೆನಂತೆ. ಎಲ್ಲ ಅಂತೆ, ಅಂತೆ. ನನಗೆ ನೆನಪಿರುವುದು ಬಾಯಿ ತುಂಬ ಸಕ್ಕರೆ ಮತ್ತು ಆಕೆಯ ಬೈಗುಳ.

"ನುಂಗೇ. ನುಂಗು ಅಂದ್ರೆ ನುಂಗಬೇಕು. ಕುದಿಯೋ ಬೇಳೆ ಮುಂದೆ ಕುಂತಿದೀಯ, ಸಾಯಾಕೆ ಬೇರೆ ಜಾಗ ಸಿಗಲಿಲ್ವ ನಿಂಗೆ?"

ಬೆವರಿಲ್ಲ, ನಡುಕವಿಲ್ಲ, ಎದೆ ಹೊಡೆದುಕೊಂಡದ್ದೂ ಇಲ್ಲ. ಅದೇ ನನ್ನನ್ನು ಹೆದರಿಸಿತು. ಮಾರನೆಯ ಬೆಳಿಗ್ಗೆ ಬಸ್ಸು ಹತ್ತಿ ದುರ್ಗದ ದೊಡ್ಡಾಸ್ಪತ್ರೆಗೆ ಹೋದೆ.

ಅಲ್ಲಿನ ಡಾಕ್ಟರಮ್ಮ ನನ್ನನ್ನು ಮೊದಲಿನಿಂದ ನೋಡುತ್ತಿರುವವರು, ಕೇಳಿದರೆ ಬೇಸರವಿಲ್ಲದೆ ಹೇಳುವವರು. ನಾನು ಎಲ್ಲ ಹೇಳಿದೆ, ಅಮ್ಮ ಬಂದದ್ದನ್ನೂ ಸೇರಿಸಿ. ಅವರು ನಗಲಿಲ್ಲ. ಒಂದು ಹಾಳೆ ತೆಗೆದುಕೊಂಡು ಬರೆದು ತೋರಿಸಿದರು.

ಹೊಟ್ಟೆಯ ಹಿಂದೆ ಅಡ್ಡಲಾಗಿ ಮೇದೋಜೀರಕ ಗ್ರಂಥಿ. ಅದರೊಳಗೆ ಅಲ್ಲಲ್ಲಿ ಗುಂಪು ಕಟ್ಟಿಕೊಂಡ ಸಣ್ಣ ಜೀವಕೋಶಗಳು. ಅವಕ್ಕೆ ರಕ್ತದಲ್ಲಿ ಎಷ್ಟು ಗ್ಲೂಕೋಸ್ ಇದೆ ಎಂದು ತಿಳಿಯುತ್ತದೆ. ಹೇಗೆ ತಿಳಿಯುತ್ತದೆ ಎನ್ನುವುದು ನನಗೆ ಬಹಳ ಹಿಡಿಸಿತು. ನಾಲಿಗೆಯ ಹಾಗೆ ರುಚಿ ನೋಡಿ ಅಲ್ಲ, ಉರಿಸಿ ನೋಡಿ. ಗ್ಲೂಕೋಸ್ ಒಳಗೆ ಬರುತ್ತದೆ, ಬಂದಷ್ಟನ್ನೂ ಅವು ಉರಿಸುತ್ತವೆ. ಹೆಚ್ಚು ಬಂದರೆ ಹೆಚ್ಚು ಶಕ್ತಿ ಹುಟ್ಟುತ್ತದೆ. ಆ ಶಕ್ತಿಯೇ ಜೀವಕೋಶದ ಗೋಡೆಯ ಒಂದು ಕಿಂಡಿಯನ್ನು ಮುಚ್ಚುತ್ತದೆ. ಅದು ಮುಚ್ಚಿದ ಕೂಡಲೇ ಗೋಡೆಯ ವಿದ್ಯುತ್ತು ಬದಲಾಗಿ ಇನ್ನೊಂದು ಕಿಂಡಿ ತೆರೆಯುತ್ತದೆ, ಅದರಿಂದ ಕ್ಯಾಲ್ಸಿಯಂ ನುಗ್ಗುತ್ತದೆ, ಆಗ ಒಳಗೆ ಕಾದಿರುವ ಇನ್ಸುಲಿನ್ನಿನ ಸಣ್ಣ ಸಣ್ಣ ಚೀಲಗಳು ಹೊರಗೆ ಸುರಿಯುತ್ತವೆ. ಅಳತೆ ತಪ್ಪುವುದಿಲ್ಲ. ಒಲೆಯ ಮುಂದೆ ಬದುಕು ಕಳೆದವಳಿಗೆ ಇದನ್ನು ಎರಡನೆಯ ಸಲ ಹೇಳಬೇಕಾಗಿರಲಿಲ್ಲ. ಸೌದೆ ಎಷ್ಟಿದೆ ಎಂದು ಉರಿ ನೋಡಿ ಹೇಳಬಹುದು.

ನನ್ನಲ್ಲಿ ಆ ಜೀವಕೋಶಗಳಿಲ್ಲ. ರೋಗ ತಡೆಯಬೇಕಾದ ನನ್ನ ಮೈಯ ಕಾವಲಿನವರೇ ಅವನ್ನು ಹಗೆಗಳೆಂದು ತಿಳಿದು ಕೊಂದುಹಾಕಿದ್ದಾರೆ. ಅವುಗಳ ಪಕ್ಕದಲ್ಲೇ ಸಕ್ಕರೆ ಇಳಿದಾಗ ಮೇಲೆತ್ತುವ ಬೇರೆ ಜೀವಕೋಶಗಳಿವೆಯಂತೆ. ನೆರೆಯವರು ಸತ್ತ ಮೇಲೆ ಅವಕ್ಕೂ ದಿಕ್ಕು ತಪ್ಪಿದೆ, ಇಳಿದಾಗ ಸರಿಯಾಗಿ ಎದ್ದು ಬರುವುದಿಲ್ಲ.

"ಹಾಗಾದ್ರೆ ಇಳಿದದ್ದು ನಂಗೆ ಗೊತ್ತಾಗ್ತಿದ್ದದ್ದು ಹೆಂಗೆ ಮೇಡಂ?"

"ಮೆದುಳಿನಿಂದ," ಎಂದರು. ಮೆದುಳಿನ ತಳದಲ್ಲಿ ಗ್ಲೂಕೋಸನ್ನೇ ಕಾಯುತ್ತಾ ಕೂತ ಜೀವಕೋಶಗಳಿವೆ. ಕೆಲವು ಅದು ಏರಿದಾಗ ಚುರುಕಾಗುತ್ತವೆ, ಕೆಲವು ಇಳಿದಾಗ. ಇಳಿದಾಗ ಚುರುಕಾಗುವವು ಮೈಗೆಲ್ಲ ಸುದ್ದಿ ಕಳಿಸಿ ಅಡ್ರಿನಲಿನ್ ಸುರಿಸುತ್ತವೆ. ಬೆವರು, ಎದೆಬಡಿತ, ನಡುಕ ಎಲ್ಲ ಅದರದೇ. "ಆದ್ರೆ ಪದೇ ಪದೇ ಇಳಿಸಿದ್ರೆ ಅವಕ್ಕೂ ಅಭ್ಯಾಸ ಆಗಿಬಿಡುತ್ತೆ. ಇಷ್ಟಕ್ಕೆಲ್ಲ ಕೂಗೋದು ಬೇಡ ಅಂತ ಸುಮ್ಮನಾಗ್ತವೆ. ಈಗ ನಿಮಗೆ ಆಗಿರೋದು ಅದೇ."

"ನಡುಕ ವಾಪಸ್ ಬರುತ್ತಾ?"

"ಕೆಲವು ವಾರ ಒಂದು ಸಲಾನೂ ಇಳೀದ ಹಾಗೆ ನೋಡ್ಕೊಳ್ಳಿ. ಸಾಮಾನ್ಯವಾಗಿ ಬರುತ್ತೆ. ಅಲ್ಲೀವರೆಗೂ ನಿಮಗೆ ಯಾರೂ ಕೂಗಿ ಹೇಳೋರಿಲ್ಲ ಅಂತ ತಿಳ್ಕೊಳ್ಳಿ. ಹೀಗೇ ಮುಂದುವರೆದ್ರೆ ಒಂದು ದಿನ ನಡುಗದೇನೇ ಬಿದ್ದುಬಿಡ್ತೀರ."

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಗೆ ತಲೆ ಒರಗಿಸಿ ನನ್ನಷ್ಟಕ್ಕೆ ನಕ್ಕೆ. ಹಟ್ಟಿಗೆ ಹಟ್ಟಿಯೇ ನನ್ನ ನಡುಕ ಬರಲಿ ಎಂದು ಕಾಯುತ್ತಿದೆ. ನನಗೂ ಅದು ಬೇಕು. ಆದರೆ ಅದು ನನ್ನ ಮೆದುಳು ನನಗೆ ಕಳಿಸಿದ ಸುದ್ದಿ. ಊರಿನವರು ಅದನ್ನು ತಮಗೆ ಬಂದದ್ದೆಂದು ಓದಿಕೊಂಡು, ನನ್ನನ್ನು ಉಪವಾಸ ಕೂರಿಸಿ, ಕೊನೆಗೆ ಕಳಿಸುವವರ ಬಾಯನ್ನೇ ಮುಚ್ಚಿಸಿಬಿಟ್ಟಿದ್ದಾರೆ. ನಗು ನಿಂತ ಮೇಲೆ ಸಿಟ್ಟು ಬಂತು. ಆ ಸಿಟ್ಟು ಹಿರಿಯೂರಿನಲ್ಲಿ ಇಳಿದರೂ ಇಳಿಯಲಿಲ್ಲ.

ಇವತ್ತು ಶ್ರಾವಣದ ಕೊನೆಯ ಸೋಮವಾರ. ಭಾವ ಊರೂರಿಗೆ ಹೇಳಿಕಳಿಸಿದ್ದರು, ಹೊಳಲ್ಕೆರೆ ಕಡೆಯಿಂದ ಕೂಡ ನೆಂಟರು ಬರುವವರಿದ್ದರು. ನಿನ್ನೆ ಗಂಡನಿಗೆ ಹೇಳಿದೆ, ನಾನು ಹೊತ್ತಿಗೆ ಉಣ್ಣುತ್ತೇನೆ ಎಂದು. ಅವರು ಅಣ್ಣನ ಎದುರು ದನಿ ಎತ್ತಿದವರಲ್ಲ. ಗಡ್ಡ ಕೆರೆದುಕೊಂಡರು.

"ಒಂದ್ಕೆಲಸ ಮಾಡು. ಅಡುಗೆ ಮನೆಯಾಗೆ ಬಾಗಿಲು ಹಾಕ್ಕೆಂಡು ಉಂಡುಬಿಡು. ಯಾರಿಗೆ ಗೊತ್ತಾಗ್ತೈತೆ?"

"ಕದ್ದು ತಿಂದ್ರೆ ನಡುಕ ಬರಲ್ಲ. ಬರಲಿಲ್ಲ ಅಂತ ಮುಂದಿನ ಹಬ್ಬಕ್ಕೆ ಕಾಯ್ತಾರೆ. ಆಮೇಲೆ ಕಾರ್ತಿಕಕ್ಕೆ ಕಾಯ್ತಾರೆ. ನಾನು ಸಾಯೋತನ್ಕ ಕದ್ದು ಉಣ್ಣಬೇಕಾ?"

"ಅಣ್ಣ ಸುಮ್ಕಿರಲ್ಲ."

"ನಾನೂ ಸುಮ್ಕಿರಲ್ಲ."

ಮಧ್ಯಾಹ್ನ ಪಡಸಾಲೆ ತುಂಬಿತ್ತು. ಭಾವ ಇನ್ನೂ ಬಾವಿಯ ಕಡೆಯೇ ಇದ್ದರು. ಮಿಷನ್ನಿನಲ್ಲಿ ನೋಡಿಕೊಂಡೆ, ಸೂಜಿ ಹಾಕಿಕೊಂಡೆ, ಎಲ್ಲರ ಕಣ್ಣೆದುರಿಗೇ. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು ತಟ್ಟೆಗೆ ಹಾಕಿಕೊಂಡು ಬಂದು ದೇವರ ಮೂಲೆಯ ಎದುರು ಚಾಪೆಯ ಮೇಲೆ ಕೂತೆ. ದೇವರಿಗೆ ಕೈ ಮುಗಿದೆ. ಮುಗಿಯದೆ ಇರಲು ನನಗೆ ಅಮ್ಮನ ಮೇಲೆ ಏನೂ ಸಿಟ್ಟಿರಲಿಲ್ಲ. ಮೊದಲ ತುತ್ತು ಮುರಿದೆ.

ಪಡಸಾಲೆಯಲ್ಲಿ ಕೂತವರೆಲ್ಲ ನನ್ನ ತಟ್ಟೆಯ ಕಡೆ ತಿರುಗಿದರು. ಅತ್ತೆ ಬಾಗಿಲಲ್ಲಿ ನಿಂತವರು ನಿಂತೇ ಇದ್ದರು. ಅಷ್ಟರಲ್ಲಿ ಭಾವ ಕೊಡ ಹೊತ್ತು ಬಂದರು. ತಟ್ಟೆ ನೋಡಿದರು, ಕೊಡ ಕೆಳಗಿಟ್ಟರು.

"ಏನವ್ವ ಇದು? ಎಡೆ ಆಗಿಲ್ಲ, ಎಂಜಲು ಮಾಡ್ಕಂಡು ಕುಂತಿದೀಯ. ಎಂಜಲು ಬಾಯಿಗೆ ಅಮ್ಮ ಹೆಂಗೆ ಬರ್ತಾಳೆ?"

"ಬರೋದು ಬ್ಯಾಡ ಅಂತಾನೇ ಉಣ್ತಿರೋದು ಭಾವ."

"ನಾಲಿಗೆ ಉದ್ದ ಆಗೈತೆ ನಿಂದು."

"ನಾಲಿಗೆ ಉಳಿಯೋದೇ ಕಷ್ಟ ಆಗಿತ್ತು. ಮೊನ್ನೆ ಶಾಲೆಯಾಗೆ ತೊದಲಿ ಬೀಳ್ತಿದ್ದೆ. ಬೆಂಕಿ ಮುಂದೆ ಬಿದ್ದಿದ್ರೆ ಅಪ್ಪಣೆ ಯಾರತ್ರ ಕೇಳ್ತಿದ್ರಿ?" ತುತ್ತು ನುಂಗಿ ಮತ್ತೆ ಹೇಳಿದೆ. "ಅಮ್ಮನಿಗೆ ಬರಬೇಕು ಅನ್ಸಿದ್ರೆ ಉಂಡ ಮೈಗೂ ಬರ್ಲಿ. ಉಪವಾಸ ಇದ್ದೋರ ಮೇಲೇ ಬರಬೇಕು ಅಂತ ಅವಳೇನು ಹೇಳಿಲ್ಲ, ನೀವು ಹೇಳ್ತಿದೀರ. ಇನ್ಮೇಲೆ ನಾನು ಎಲ್ಲ ದಿನಾನೂ ಹೊತ್ತಿಗೆ ಉಣ್ತೀನಿ. ಸೋಮವಾರಾನೂ. ನಿಮ್ಮ ಎದುರಿಗೇ."

ಕೈ ನಡುಗುತ್ತಿತ್ತು. ಇದು ಸಕ್ಕರೆ ಇಳಿದ ನಡುಕವಲ್ಲ, ಹಿರಿಯರಿಗೆ ಎದುರು ಮಾತಾಡಿದ ನಡುಕ. ನನಗೆ ವ್ಯತ್ಯಾಸ ಗೊತ್ತಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು, ನೋಡು ಬಂತು ಎಂದು. ನಾನು ತಟ್ಟೆ ಕೆಳಗಿಟ್ಟು ಅಲ್ಲೇ ಬೆರಳು ಚುಚ್ಚಿ ಮಿಷನ್ ಎತ್ತಿ ಹಿಡಿದೆ. "ಬರ್ರಿ, ನೋಡ್ಕಳ್ರಿ. ಶುಗರ್ ಸರಿಯಾಗೈತೆ. ನಡುಗ್ತಿರೋದು ನಾನು."

ಹೊಳಲ್ಕೆರೆಯಿಂದ ಬಂದಿದ್ದ ಹೆಂಗಸು ಗೊಣಗಿದಳು. "ಮಗಳ ಲಗ್ನ ಕೇಳಾಣ ಅಂತ ಎರಡು ಬಸ್ ಹತ್ತಿ ಬಂದಿದ್ವಲ್ಲ."

"ಲಗ್ನ ನಿನ್ನ ಮಗಳನ್ನೇ ಕೇಳವ್ವ," ಎಂದೆ. ಒಬ್ಬಿಬ್ಬರು ನಕ್ಕರು. ಮೂಲೆಯ ಅಜ್ಜ ಒಬ್ಬರು, "ಹೋಗ್ಲಿ ಬಿಡ್ರಪ್ಪ, ನಮಗೆ ಊಟಕ್ಕೆ ಏನೈತೆ?" ಎಂದರು.

ಭಾವ ನಗಲಿಲ್ಲ. ಕೊಡ ಎತ್ತಿಕೊಂಡು, ಈ ನೀರಿಗೆ ಮೈಲಿಗೆಯಾಯಿತೆಂದು ಚೆಲ್ಲಿ, ಮತ್ತೆ ಬಾವಿಗೆ ಹೋದರು. ಹೋಗುವಾಗ ತಮ್ಮನ ಕಡೆ ನೋಡಿ, "ನಿನ್ನ ಹೆಂಡ್ತಿ ಎಡೆ ಪಾತ್ರೆ ಮುಟ್ಟೋ ಹಂಗಿಲ್ಲ" ಎಂದರು. ನನ್ನ ಗಂಡ ಬಾಯಿ ಬಿಡುವುದನ್ನು ಎಲ್ಲರೂ ಕಾದರು. ಅವರು ಎದ್ದು ಬಂದು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ಅವರಿಗೆ ಅಷ್ಟೇ ಆಗುವುದು, ಅಷ್ಟಾದದ್ದು ನನಗೆ ಸಾಕಿತ್ತು.

ಭಾವ ಮರಳಿ ಬಂದು ಎಡೆ ಇಟ್ಟರು. ನಾನು ಪಾತ್ರೆ ಮುಟ್ಟಲಿಲ್ಲ, ಓರಗಿತ್ತಿಯೇ ಬಡಿಸಿದಳು. ಉಂಡು ಜನ ಚದುರಿದರು. ಹೋಗುವಾಗ ಕೆಲವರು ನನ್ನ ಮುಖ ನೋಡದೆ ಹೋದರು. ನಾಳೆಯಿಂದ ಹಟ್ಟಿಯಲ್ಲಿ ನನ್ನ ಬಗ್ಗೆ ಏನೇನು ಮಾತಾಗುತ್ತದೆ ಎಂದು ಗೊತ್ತಿದೆ. ಆಗಲಿ.

ಸಂಜೆ ಅತ್ತೆ ಕಟ್ಟೆಯ ಮೇಲೆ ಕೂತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ. ಸಮಾಧಾನಕ್ಕೆಂದು ಸುಳ್ಳು ಹೇಳುವ ಮನಸ್ಸಿರಲಿಲ್ಲ.

"ಮನೆ ಬಿಟ್ಟು ಹೋದ್ಲು," ಎಂದರು ಅವರು. "ಎರಡನೇ ಸಲ."

"ಎಲ್ಲಿಗೆ ಹೋಗ್ತಾಳೆ ಅತ್ತೆ, ಇಲ್ಲೇ ಇದಾಳೆ."

"ಇನ್ನ ಯಾರ ಮೇಲೆ ಬರ್ತಾಳೆ?"

"ನಿಮ್ಮ ಮೇಲೆ ಬರ್ಲಿ. ನಿಮಗೆ ಶುಗರ್ ಇಲ್ಲ."

ಅವರು ನನ್ನನ್ನು ಬೈಯಲು ಬಾಯಿ ತೆರೆದರು. ಬೈಗುಳ ಹೊರಗೆ ಬರುವ ಮೊದಲೇ ಅರ್ಧ ನಗುವಾಯಿತು. "ಈ ಮೊಣಕಾಲು ಇಟ್ಕಂಡು ಕುಣಿಯಾಕೆ ಆಗ್ತೈತೇನೇ? ಬಂದೋಳು ನೋಡಿ ವಾಪಸ್ ಹೋಗ್ತಾಳೆ." ಆಮೇಲೆ ನನ್ನ ಕಡೆ ನೋಡದೆ, "ಅಷ್ಟು ಜನದ ಮುಂದೆ ಹೇಳಬಾರದಿತ್ತು ನೀನು" ಎಂದರು.

"ಅವರ ಮುಂದೇ ಹೇಳಬೇಕಿತ್ತು," ಎಂದೆ.

ಅವರು ಒಪ್ಪಲಿಲ್ಲ. ನಾನೂ ಒಪ್ಪಿಸಲು ಹೋಗಲಿಲ್ಲ. ಎದ್ದು ಹೋಗಿ ಮುದ್ದೆಗೆ ಎಸರಿಟ್ಟೆ.

ರಾತ್ರಿಗೆ ರಾಗಿ ಮುದ್ದೆ, ಹುರುಳಿಕಾಳು ಸಾರು, ಎಡೆಯಲ್ಲಿ ಮಿಕ್ಕ ಬೆಲ್ಲದನ್ನ. ನಾನು ಸಕ್ಕರೆ ನೋಡಿಕೊಂಡು, ಸೂಜಿ ಹಾಕಿಕೊಂಡು, ಗಂಡಸರ ಪಂಕ್ತಿ ಏಳುವುದಕ್ಕೆ ಕಾಯದೆ ಅವರ ಜೊತೆಯಲ್ಲೇ ಕೂತು ಉಂಡೆ. ಭಾವ ಗೋಡೆಯ ಕಡೆ ತಿರುಗಿ ಉಂಡರು. ಅತ್ತೆ ಆಮೇಲೆ ಒಬ್ಬರೇ ಉಂಡರು, ಮುದ್ದೆ ಅರ್ಧ ಬಿಟ್ಟರು, ಬೆಲ್ಲದನ್ನ ಬಿಡಲಿಲ್ಲ. ಪಾತ್ರೆಗಳನ್ನು ಓರಗಿತ್ತಿಗೆ ಬಿಟ್ಟು ಎಲ್ಲರಿಗಿಂತ ಮೊದಲು ಹಾಸಿಗೆಗೆ ಬಂದವಳು ನಾನು; ಇಲ್ಲೇ ಕೂತು ಇದನ್ನು ಬರೆದೆ.